ಚಿತ್ ಆಗಲಿಲ್ಲ, ಆದರೂ ಸೋತ!

ನಮ್ಮ ಹಾಸ್ಟೆಲಿನಲ್ಲಿ ಒಬ್ಬ ಗೆಳೆಯ ಇದ್ದಾನೆ. ಮೈಸೂರಿನವನು, ಹೈಸ್ಕೂಲಿನಿಂದಲೂ ಗರಡಿ ಮನೆಯ ಮಣ್ಣಿನಲ್ಲಿ ಹೊರಳಿ ಬೆಳೆದವನು. ಕಳೆದ ವರ್ಷ ಅಂತರ ಕಾಲೇಜು ಕುಸ್ತಿಗೆ ಅವನ ಹೆಸರು ಬಂದಾಗ ನಾವು ಏಳೆಂಟು ಜನ ಲ್ಯಾಬ್ ಬಂಕ್ ಹೊಡೆದು ನೋಡೋಕೆ ಹೋಗಿದ್ವಿ. ಒಂದೂವರೆ ನಿಮಿಷ ಆಗಿತ್ತಷ್ಟೇ, ರೆಫ್ರಿ ಎದುರಾಳಿಯ ಕೈ ಎತ್ತಿಬಿಟ್ಟರು. ಸ್ಕೋರು 10-0. ಹೊರಗೆ ಬಂದವನು ಕೇಳಿದ್ದು ಒಂದೇ ಮಾತು: "ನಾನು ಚಿತ್ತೇ ಆಗಿಲ್ವಲ್ರೋ, ಸೋತಿದ್ದು ಹೆಂಗೆ?"

ಅವತ್ತು ರಾತ್ರಿ ಮೆಸ್ಸಿನಲ್ಲಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುಸ್ತಿಯ ನಿಯಮಗಳನ್ನು ಓದಿದೆವು. ಅಲ್ಲಿಂದ ಜೂಡೋ, ಬಾಕ್ಸಿಂಗ್, ಟೇಕ್ವಾಂಡೋ ಅಂತ ಓದು ಬೆಳೀತಾ ಹೋಯ್ತು. ಈ ಲೇಖನ ಆ ರಾತ್ರಿಯದ್ದೇ.

ಹಳೆಯ ಪದ್ಧತಿಯ ನಾಡಕುಸ್ತಿಯಲ್ಲಿ ಲೆಕ್ಕ ಸರಳ. ಎದುರಾಳಿಯ ಬೆನ್ನನ್ನು ಮಣ್ಣಿಗೆ ತಾಗಿಸಿದರೆ ಗೆಲುವು. ಅಂಕ ಗಿಂಕ ಇಲ್ಲ. ಹಾಗಾಗಿ ಸಂಕಟಕ್ಕೆ ಸಿಕ್ಕಿದ ಪೈಲ್ವಾನ ಬೋರಲು ಬಿದ್ದು ನೆಲ ಕಚ್ಚಿ ಮಲಗಿಬಿಡ್ತಾನೆ. ಮೇಲಿರುವವನು ಎಷ್ಟೇ ಎಳೆದಾಡಲಿ, ಹೊಟ್ಟೆ ನೆಲಕ್ಕೆ ಅಂಟಿರುವ ತನಕ ಸೋಲಿಲ್ಲ. ಉಸಿರು ಸುಧಾರಿಸಿಕೊಂಡು, ಮೇಲಿನವನು ದಣಿದಾಗ ತಿರುಗಿಬೀಳಬಹುದು. ಎಣ್ಣೆ, ಅರಿಶಿನ, ಮಜ್ಜಿಗೆ ಹಾಕಿ ಹದ ಮಾಡಿದ ಆ ಕೆಂಪು ಮಣ್ಣು ಮೆತ್ತಗೆ ಬೇರೆ ಇರುತ್ತೆ. ಕಾಲು ಹೂತುಕೊಳ್ಳುತ್ತೆ, ಆಟವೂ ನಿಧಾನ.

ಮ್ಯಾಟ್ ಮೇಲಿನ ಫ್ರೀಸ್ಟೈಲಿಗೆ ಅಷ್ಟು ಪುರುಸೊತ್ತಿಲ್ಲ. ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ಬಿಡುವು. ಎರಡೂ ಭುಜಗಳನ್ನು ನೆಲಕ್ಕೆ ಒತ್ತಿ ಹಿಡಿದರೆ ಇಲ್ಲೂ ಆಟ ಮುಗೀತು. ಆದರೆ ಆ ದಾರಿಯ ಒಂದೊಂದು ಹೆಜ್ಜೆಗೂ ಅಂಕ ಇದೆ. ಕೆಡವಿ ಹಿಡಿತಕ್ಕೆ ತಂದುಕೊಂಡರೆ 2. ಬೆನ್ನನ್ನು ನೆಲದ ಕಡೆಗೆ ತಿರುಗಿಸಿದರೆ, ಒತ್ತಿ ಹಿಡಿಯದಿದ್ದರೂ, ಮತ್ತೆ 2. ಅಂತರ 10 ಆದ ಕೂಡಲೇ ಆಟ ಬಂದ್. ನಮ್ಮವನು ಅಭ್ಯಾಸಬಲದಿಂದ ಬೋರಲು ಮಲಗಿದ. ಎದುರಾಳಿ ಅವನ ಎರಡೂ ಕಣಕಾಲುಗಳನ್ನು ಹೆಣೆದು ಹಿಡಿದು, ರೊಟ್ಟಿ ಮಗುಚಿದ ಹಾಗೆ ನಾಲ್ಕು ಸಲ ಉರುಳಿಸಿದ. ಕೆಡವಿದ್ದಕ್ಕೆ 2, ಉರುಳಿಸಿದ್ದಕ್ಕೆ ಎರಡ್ನಾಲ್ಕ್ಲ ಎಂಟು. ಮಣ್ಣಿನಲ್ಲಿ ಇಷ್ಟು ವರ್ಷ ಕಾಪಾಡಿದ್ದ ಭಂಗಿಯೇ ಅವನನ್ನು ಮ್ಯಾಟ್ ಮೇಲೆ ಮುಗಿಸಿತು.

ಒಂದು ನಿಯಮ ಬದಲಾದರೆ ನಿಲ್ಲುವ ರೀತಿಯೇ ಬದಲಾಗುತ್ತೆ. ಗ್ರೀಕೋ-ರೋಮನ್ ಕುಸ್ತಿಯಲ್ಲಿ ಸೊಂಟದ ಕೆಳಗೆ ಹಿಡಿಯುವ ಹಾಗಿಲ್ಲ. ಕಾಲಿಗೆ ಭಯವಿಲ್ಲ, ಹಾಗಾಗಿ ನೆಟ್ಟಗೆ ನಿಂತು ಎದೆಗೆದೆ ಕೊಡ್ತಾರೆ. ಫ್ರೀಸ್ಟೈಲಿನವರು ಕಾಲು ಉಳಿಸಿಕೊಳ್ಳೋಕೆ ಬಗ್ಗಿಯೇ ಓಡಾಡ್ತಾರೆ. ಫೋಟೋ ನೋಡಿಯೇ ಯಾವ ಕುಸ್ತಿ ಅಂತ ಹೇಳಬಹುದು.

ಜಿಗೊರೊ ಕಾನೊ 1882ರಲ್ಲಿ ಜಪಾನಿನಲ್ಲಿ ಕಟ್ಟಿದ ಜೂಡೋ ಮೇಲ್ನೋಟಕ್ಕೆ ನಮ್ಮ ಕುಸ್ತಿಯ ನೆಂಟ. ಬೆನ್ನ ಮೇಲೆ ಬೀಳಿಸಿದರೆ ಅಲ್ಲಿಗೇ ಗೆಲುವು, ಅದರ ಹೆಸರು ಇಪ್ಪೋನ್. ಆದರೆ ಬೀಳಿಸುವುದರಲ್ಲಿ ವೇಗ, ಬಲ, ಹಿಡಿತ ಮೂರೂ ಇರಬೇಕು. ಮೆಲ್ಲಗೆ ಒತ್ತಿ ಮಲಗಿಸಿದರೆ ಅಷ್ಟೇ ಸಾಲದು, ಹಾಗೇ 20 ಸೆಕೆಂಡ್ ಅದುಮಿ ಹಿಡಿದಿರಬೇಕು. ನಮ್ಮವನು ಇದನ್ನು ಕೇಳಿ ಖುಷಿಯಾಗಿದ್ದ, "ಹಂಗಾದ್ರೆ ಜೂಡೋಗೇ ಹೋಗ್ತೀನಿ" ಅಂದ. ಅಷ್ಟರಲ್ಲಿ ಮುಂದಿನ ಪುಟ ಬಂತು. ನಿಂತಿರುವಾಗ ಎದುರಾಳಿಯ ಕಾಲಿಗೆ ಕೈ ಹಾಕುವುದನ್ನು 2010ರಿಂದ ಬಿಗಿ ಮಾಡುತ್ತಾ ಬಂದು 2013ರಲ್ಲಿ ಪೂರ್ತಿ ನಿಷೇಧಿಸಿದ್ದರು. ಇವನ ಮುಖ್ಯ ಪಟ್ಟೇ ಕಾಲೆಳೆಯೋದು. ಪಾಪ!

ಹಿಡಿಯುವ ಆಟಗಳಲ್ಲಿ ಬಿದ್ದದ್ದು ಕಣ್ಣಿಗೆ ಕಾಣುತ್ತೆ. ಹೊಡೆಯುವ ಆಟಗಳಲ್ಲಿ ಎಣಿಸೋದೇ ತಲೆನೋವು. 1988ರ ಸೋಲ್ ಒಲಿಂಪಿಕ್ಸ್ ಬಾಕ್ಸಿಂಗ್ ಫೈನಲ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್ ಆತಿಥೇಯ ದೇಶದ ಪಾರ್ಕ್ ಸಿ-ಹುನ್ ಎದುರು 3-2ರಲ್ಲಿ ಸೋತಿದ್ದು ದೊಡ್ಡ ರಾದ್ಧಾಂತವಾಯ್ತು. 1992ರ ಬಾರ್ಸಿಲೋನಾಕ್ಕೆ ಕಂಪ್ಯೂಟರ್ ಬಂತು: ಐವರಲ್ಲಿ ಮೂವರು ತೀರ್ಪುಗಾರರು ಒಂದು ಸೆಕೆಂಡಿನೊಳಗೆ ಗುಂಡಿ ಒತ್ತಿದರೆ ಮಾತ್ರ ಆ ಗುದ್ದಿಗೆ ಅಂಕ. ಪರಿಣಾಮ? ಪಟಪಟ ಅಂತ ಬೀಳುವ ನಾಲ್ಕು ಗುದ್ದು, ಹೊಟ್ಟೆಗೆ ಬೀಳುವ ಗುದ್ದು ಲೆಕ್ಕ ತಪ್ಪುತ್ತಿದ್ದವು. ಎಲ್ಲರಿಗೂ ಕಾಣುವ ಒಂಟಿ ನೇರ ಗುದ್ದಿಗೆ ಬೆಲೆ ಬಂತು. 2013ರಲ್ಲಿ ಗುಂಡಿ ಕೈಬಿಟ್ಟು, ಸುತ್ತು ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9 ಕೊಡುವ ವೃತ್ತಿಪರ ಪದ್ಧತಿಗೆ ಬಂದರು.

ಟೇಕ್ವಾಂಡೋದ್ದು ಇಸಿ ಬ್ರಾಂಚಿನವರು ಓದಲೇಬೇಕಾದ ಕಥೆ. 2012ರ ಲಂಡನ್ ಒಲಿಂಪಿಕ್ಸ್‌ನಿಂದ ಎದೆಕವಚದಲ್ಲೂ ಕಾಲ್ಚೀಲದಲ್ಲೂ ಸೆನ್ಸರ್. ತೀರ್ಪುಗಾರರ ಪಕ್ಷಪಾತ ತಪ್ಪಲಿ ಅನ್ನೋದು ಉದ್ದೇಶ, ಒಳ್ಳೆಯದೇ. ಆದರೆ ಸೆನ್ಸರಿಗೆ ಗೊತ್ತಾಗೋದು ತಗುಲಿದ್ದು ಮತ್ತು ಎಷ್ಟು ಜೋರಾಗಿ ಅನ್ನೋದಷ್ಟೇ. ಒದೆಯ ಅಂದಚೆಂದ ಅದಕ್ಕೆ ಯಾಕೆ ಬೇಕು? ಆಟಗಾರರು ಮುಂದಿನ ಕಾಲನ್ನು ಮೇಲೆತ್ತಿ ಹಿಡಿದು, ಕತ್ತಿಯ ಹಾಗೆ ಚುಚ್ಚುತ್ತಾ ಕುಪ್ಪಳಿಸತೊಡಗಿದರು. ಕೊನೆಗೆ ನಿಯಮವೇ ಬಗ್ಗಬೇಕಾಯ್ತು. ಈಗ ಹಾಗೆ ಕಾಲೆತ್ತಿ ತಡೆದು ನಿಂತರೆ ದಂಡ. ಎದೆಗೆ ಸಾದಾ ಒದೆ 2, ತಿರುಗಿ ಒದ್ದರೆ 4. ತಲೆಗೆ 3, ತಿರುಗಿ ಒದ್ದರೆ 5. ನಮಗನ್ನಿಸಿದ್ದು: ಅಳತೆಯ ಉಪಕರಣ ಬದಲಾದ ದಿನವೇ ಆಟವೂ ಬದಲಾಗಿತ್ತು, ನಿಯಮ ಬರೆಯುವವರಿಗೆ ಗೊತ್ತಾಗಿದ್ದು ತಡವಾಗಿ.

ಎಣಿಕೆಯ ತಕರಾರೇ ಇಲ್ಲದ್ದು ಮೈಸೂರು ಅರಮನೆಯ ವಿಜಯದಶಮಿ ದಿನದ ವಜ್ರಮುಷ್ಟಿ ಕಾಳಗ. ಜಟ್ಟಿಗಳ ತಲೆಯಿಂದ ಮೊದಲ ರಕ್ತ ಚಿಮ್ಮಿದರೆ ಮುಗೀತು. ಅದಕ್ಕೆ ಸೆನ್ಸರ್ ಬೇಡ.

ನಮ್ಮ ಗೆಳೆಯ ಈಗ ವಾರಕ್ಕೆ ಮೂರು ದಿನ ಮ್ಯಾಟ್ ಪ್ರಾಕ್ಟೀಸಿಗೆ ಹೋಗ್ತಾನೆ. ಕೆಳಗೆ ಬಿದ್ದ ತಕ್ಷಣ ಕಾಲು ಅಗಲಿಸಿ ಎದ್ದು ನಿಲ್ಲೋದನ್ನೇ ನೂರಾರು ಸಲ ಮಾಡ್ತಾನೆ. ಮೊನ್ನೆ ರಜೆಗೆ ಊರಿಗೆ ಹೋದವನು ಗರಡಿಗೆ ಇಳಿದಿದ್ದನಂತೆ. ಬೋರಲು ಮಲಗಿ ಕಾಯಬೇಕಾದ ಹೊತ್ತಿನಲ್ಲಿ ಮೈ ತಾನಾಗೇ ಎದ್ದುಬಿಡ್ತು, ಮರುಕ್ಷಣ ಚಿತ್. "ಅಲ್ಲಿ ಏನು ಕಲೀತಿದ್ದೀಯಪ್ಪಾ?" ಅಂತ ಉಸ್ತಾದರು ಕೇಳಿದರಂತೆ.