ಕಂಪ್ಯೂಟರಿನವರ ನಾಲ್ಕು ಹುಚ್ಚು

ಮುಂಬಯಿ ಕನ್ನಡಿಗರೆಂದರೆ ಹೋಟೆಲಿನವರು, ಬ್ಯಾಂಕಿನವರು ಎಂಬ ಕಾಲವೊಂದಿತ್ತು. ಈಗ ಕಂಪ್ಯೂಟರಿನವರಿಲ್ಲದ ಮನೆ ಸಿಗುವುದೇ ಕಷ್ಟ. ನಮ್ಮ ಮನೆಯಲ್ಲಿ ಇಬ್ಬರಿದ್ದಾರೆ, ನಮ್ಮವರು ಮತ್ತು ಮಗ. ನಮ್ಮವರಿಗೆ ಕ್ರಿಕೆಟ್, ಹಿಂದುಸ್ತಾನಿ ಸಂಗೀತ, ಸಿನೆಮಾ ಈ ಮೂರರ ಹುಚ್ಚು. ಸಾಫ್ಟ್‌ವೇರ್ ಕೂಡ ಅವರಿಗೆ ಬರೀ ನೌಕರಿಯಲ್ಲ, ಅದನ್ನೂ ಸೇರಿಸಿದರೆ ನಾಲ್ಕು. ಮಗನಿಗೆ ಒಂದೂ ಇಲ್ಲ. ಅದರಲ್ಲಿ ನನ್ನ ತಪ್ಪೂ ಇದೆ. ಅದಕ್ಕಾಗಿಯೇ ಈ ಲೇಖನ.

1993ರಲ್ಲಿ ಮದುವೆಯಾಗಿ ಧಾರವಾಡದಿಂದ ಮುಲುಂಡಿಗೆ ಬಂದೆ. ಒಂದು ಕೋಣೆ, ಒಂದು ಅಡುಗೆಮನೆ. ನಮ್ಮವರಿಗೆ ಅಂಧೇರಿಯ ಸೀಪ್ಜ್‌ನಲ್ಲಿ ಕೆಲಸ. ಮೊದಲ ದೀಪಾವಳಿಗೆ ಅವರು ಮನೆಗೆ ತಂದದ್ದು ಟೇಪ್ ರೆಕಾರ್ಡರು ಮತ್ತು ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿಯವರ ಕ್ಯಾಸೆಟ್ಟುಗಳು. "ಅಲ್ರೀ, ಇದ ರೊಕ್ಕದಾಗ ಫ್ರಿಜ್ಜಿನ ಮೊದಲ ಕಂತು ಕಟ್ಟಬಹುದಿತ್ತಲ್ಲ" ಎಂದು ಮುಖ ಊದಿಸಿಕೊಂಡಿದ್ದೆ. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದವಳು ನಾನು. ನಾನು ಕಾದಂಬರಿ ಓದಿದರೆ ಅದು ಹವ್ಯಾಸ, ಇವರದು ಮಾತ್ರ ಹುಚ್ಚು ಎಂಬುದು ಆಗಿನ ನನ್ನ ನ್ಯಾಯ.

ಕಿಂಗ್ಸ್ ಸರ್ಕಲ್ಲಿನ ಷಣ್ಮುಖಾನಂದ ಸಭಾಗೃಹ 1990ರಲ್ಲಿ ಬೆಂಕಿಗೆ ತುತ್ತಾಗಿ ಮುಚ್ಚಿತ್ತು. 1998ರಲ್ಲಿ ಅದು ಮತ್ತೆ ತೆರೆದಾಗ ಸ್ವಂತ ಮನೆಯ ಗೃಹಪ್ರವೇಶವೇನೋ ಎಂಬಷ್ಟು ಸಂಭ್ರಮ ಇವರಿಗೆ. "ಕಂಪ್ಯೂಟರಿನವರಿಗೇಕೆ ಇಷ್ಟು ಸಂಗೀತ?" ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಸಿದ್ಧವಾಗಿರುತ್ತಿತ್ತು. ಭೀಮಸೇನ ಜೋಶಿಯವರಿಗೆ ಕಾರಿನ ಹುಚ್ಚಿತ್ತು, ಕಛೇರಿಗೆ ದೂರದೂರದ ಊರುಗಳಿಗೂ ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಬೆಂಗಳೂರಿನ ಜಿ. ರಾಜ್ ನಾರಾಯಣ್ ಇಂಜಿನಿಯರರೂ ಹೌದು, ಕೊಳಲುವಾದಕರೂ ಹೌದು. 1979ರಲ್ಲಿ ಅವರು ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿದ್ದು ಎರಡೂ ವಿದ್ಯೆ ಒಬ್ಬರಲ್ಲೇ ಇದ್ದುದರಿಂದ ಅಲ್ಲವೇ?

ಕ್ರಿಕೆಟ್ಟಿನ ಮಾತು ಬಂದರೆ ನಮ್ಮವರಿಗೆ ಧರ್ಮಸಂಕಟ. ಅನ್ನ ಕೊಟ್ಟದ್ದು ಮುಂಬಯಿ, ಹೆತ್ತದ್ದು ಕರ್ನಾಟಕ. 15 ವರ್ಷ ಸತತವಾಗಿ ರಣಜಿ ಟ್ರೋಫಿ ಗೆದ್ದಿದ್ದ ಮುಂಬಯಿಯನ್ನು 1974ರಲ್ಲಿ ಬೆಂಗಳೂರಿನ ಸೆಮಿಫೈನಲಿನಲ್ಲಿ ಕರ್ನಾಟಕ ತಡೆಯಿತು. ಗಾವಸ್ಕರರನ್ನು ಬೌಲ್ಡ್ ಮಾಡಿದ ಪ್ರಸನ್ನ ಇಂಜಿನಿಯರ್, ಮುಂದೆ ಬಂದ ಕುಂಬ್ಳೆಯವರೂ ಇಂಜಿನಿಯರ್ ಎಂದು ಇವರು ಬೀಗುತ್ತಿದ್ದರು. ಸಿನೆಮಾದಲ್ಲಿ ಗಿರೀಶ ಕಾಸರವಳ್ಳಿ ಎಂದರೆ ಪ್ರಾಣ. ಔಷಧ ವಿಜ್ಞಾನ ಓದಿದವರು ಸಿನೆಮಾಕ್ಕೆ ಬಂದು 1977ರಲ್ಲಿ 'ಘಟಶ್ರಾದ್ಧ' ಮಾಡಿದರು. ಅದನ್ನು ನೋಡುವಾಗಲೆಲ್ಲ ನಮ್ಮವರು ಕನ್ನಡಕ ಒರೆಸಿಕೊಳ್ಳುತ್ತಾರೆ.

ಇದೆಲ್ಲ ಸುಖದ ಕಾಲದ ಮಾತಾಯಿತು. 2008ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದವು. 2009ರ ಫೆಬ್ರವರಿಯ ಒಂದು ಶುಕ್ರವಾರ ನಮ್ಮವರು ಮಧ್ಯಾಹ್ನವೇ ಮನೆಗೆ ಬಂದರು. ಕೈಯಲ್ಲೊಂದು ರಟ್ಟಿನ ಡಬ್ಬ, ಅದರಲ್ಲಿ ಚಹಾದ ಮಗ್ಗು, ಗಣಪತಿಯ ಚಿಕ್ಕ ಮೂರ್ತಿ. ನೌಕರಿ ಹೋಗಿತ್ತು. ಮನೆಯ ಸಾಲದ ಕಂತು ಇನ್ನೂ 8 ವರ್ಷ ಬಾಕಿ. ನೆರೆಯವರಿಗೆ ಗೊತ್ತಾಗಬಾರದೆಂದು ಮೊದಲ ವಾರ ಅವರು ಡಬ್ಬಿ ಕಟ್ಟಿಸಿಕೊಂಡು 8.10ರ ಲೋಕಲ್ ಹಿಡಿದು ಎಲ್ಲೆಲ್ಲೋ ಕುಳಿತು ಬರುತ್ತಿದ್ದರು.

ಎರಡನೆಯ ವಾರ ಮಾಟುಂಗಾದಲ್ಲಿ ಇಳಿದು ಸಂಘದ ಕಚೇರಿಗೆ ಹೋದರು. ಸ್ಮರಣ ಸಂಚಿಕೆಗೆ ಟೈಪ್ ಮಾಡುವವರಿರಲಿಲ್ಲ, ಇವರು ಕುಳಿತುಬಿಟ್ಟರು. 'ಕೆ' ಒತ್ತಿದರೆ 'ಕ', ಶಿಫ್ಟ್ ಹಿಡಿದು ಒತ್ತಿದರೆ 'ಖ'. ಹೀಗೆ ಕಿವಿಗೆ ಕೇಳಿದಂತೆ ಕನ್ನಡ ಮೂಡಿಸುವ ಕೀಲಿಮಣೆಯನ್ನು ರೂಪಿಸಿದವರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್. ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ಸಿಂಧೂ ಲಿಪಿಯ ಮೇಲೂ ಅವರಿಗೆ ಆಸಕ್ತಿ. ಆ ಕೀಲಿಮಣೆಯನ್ನು ಹಣಕ್ಕೆ ಮಾರದೆ ಎಲ್ಲರಿಗೂ ಬಿಟ್ಟುಕೊಟ್ಟರು. "ನೌಕರಿ ಹೋದರೂ ವಿದ್ಯಾ ಹೋಗಲಿಲ್ಲ ನೋಡು" ಎಂದು ನಮ್ಮವರು ಅಂದದ್ದು ಆ ದಿನಗಳಲ್ಲೇ. ರಾತ್ರಿ ಮನ್ಸೂರರ ಕ್ಯಾಸೆಟ್ಟು ಹಾಕಿಕೊಂಡು ಮಲಗುತ್ತಿದ್ದರು. ನಿದ್ದೆ ಬರದೆ ಹೊರಳುತ್ತಿದ್ದವಳು ನಾನು.

2010ರ ಜನವರಿಯಲ್ಲಿ ಮೈಸೂರಿನಲ್ಲಿ ರಣಜಿ ಫೈನಲ್. ಮುಂಬಯಿ ವಿರುದ್ಧ ಕರ್ನಾಟಕಕ್ಕೆ 338 ಬೇಕು. ಮನೀಷ್ ಪಾಂಡೆ 144 ಹೊಡೆದು ಔಟಾದರು, ತಂಡ 331ಕ್ಕೆ ನಿಂತಿತು. 6 ರನ್ನಿನ ಸೋಲು. ನಾನು ಹೆದರಿ ಇವರ ಮುಖ ನೋಡಿದೆ. ನಕ್ಕು ಅಂದರು: "ಆರೇ ಆರು ರನ್ನಿಗೆ ಹೋತು. ಆದ್ರ ಈ ಹುಡುಗ್ರು ಬರೋ ವರ್ಷ ಮತ್ತ ಆಡ್ತಾರ. ನಾನೂ ಆಡ್ತೀನಿ." ಮಾರ್ಚಿನಲ್ಲಿ ಕಡಿಮೆ ಸಂಬಳದ್ದೇ ಆದರೂ ಕೆಲಸ ಸಿಕ್ಕಿತು.

ಈಗ ನನ್ನ ತಪ್ಪು. ಅದೇ ವರ್ಷ ಮಗ ಒಂಬತ್ತನೆಯ ತರಗತಿಯಲ್ಲಿದ್ದ. 4 ವರ್ಷ ತಬಲಾ ಕಲಿತಿದ್ದ. ಭಯದಲ್ಲಿ ನಾನು ಅದನ್ನು ಬಿಡಿಸಿ ಟ್ಯೂಷನ್ನಿಗೆ ಸೇರಿಸಿದೆ, ತಬಲಾ ಅಟ್ಟಕ್ಕೇರಿತು. ಗಂಡನನ್ನು ಯಾವುದು ಎತ್ತಿ ನಿಲ್ಲಿಸಿತೋ, ಅದನ್ನೇ ಮಗನ ಕೈಯಿಂದ ಕಸಿದೆ. ಅವನು ಚೆನ್ನಾಗಿ ಓದಿದ, ಇವರಿಗಿಂತ ಹೆಚ್ಚು ಸಂಬಳ ತರುತ್ತಾನೆ. ಆದರೆ ಕಳೆದ ವರ್ಷ ಅವನ ಪ್ರಾಜೆಕ್ಟು ನಿಂತು 3 ವಾರ ಕೆಲಸವಿಲ್ಲದೆ ಕೂರಬೇಕಾಯಿತು. ಮೊಬೈಲ್ ಹಿಡಿದು ಗೋಡೆ ನೋಡುತ್ತಿದ್ದ, ತಟ್ಟೆಯಲ್ಲಿ ಅನ್ನ ಆರುತ್ತಿತ್ತು. ಅಪ್ಪ ಹಾಡು ಹಾಕಿದರೆ "ಸ್ವಲ್ಪ ಬಂದ್ ಮಾಡ್ರಿ ಅಪ್ಪಾ" ಎನ್ನುತ್ತಿದ್ದ. ಕೆಲಸ ಮತ್ತೆ ಸಿಕ್ಕಿತು, ಆದರೆ ನನ್ನ ಎದೆಯ ಭಾರ ಇಳಿಯಲಿಲ್ಲ.

ಹೋದ ತಿಂಗಳು ತಬಲಾ ಕೆಳಗಿಳಿಸಿ, ದಾದರಿಗೆ ಒಯ್ದು ಚರ್ಮ ಹಾಕಿಸಿ ತಂದೆ. ಹಾಲಿನ ಮೂಲೆಯಲ್ಲಿಟ್ಟಿದ್ದೇನೆ. ಅವನು ಇನ್ನೂ ಮುಟ್ಟಿಲ್ಲ, "ಮತ್ತೆ ಅಟ್ಟಕ್ಕಿಡು" ಎಂದೂ ಹೇಳಿಲ್ಲ.

ತಾಯಂದಿರೇ, ಪರೀಕ್ಷೆ ಬೇಕು, ನೌಕರಿಯೂ ಬೇಕು. ಆದರೆ ಮಕ್ಕಳ ಕೈಯಲ್ಲಿರುವ ಬ್ಯಾಟನ್ನೋ ಕೊಳಲನ್ನೋ ಅಟ್ಟಕ್ಕೇರಿಸುವ ಮುನ್ನ ಒಮ್ಮೆ ನಮ್ಮ ಮನೆಯ ಕಥೆ ನೆನಪಿಸಿಕೊಳ್ಳಿ.