ಪವಯಿ ಕೆರೆಯ ಮೀನು
ಮುಂಬಯಿ ನಗರಕ್ಕೆ ಕುಡಿಯುವ ನೀರು ಒದಗಿಸಲೆಂದು 1891ರಲ್ಲಿ ಕಟ್ಟಿದ ಪವಯಿ ಕೆರೆಯ ನೀರು ಇಂದು ಕುಡಿಯಲು ಯೋಗ್ಯವಲ್ಲ. ಆದರೂ ಅದರ ದಂಡೆಯಲ್ಲಿ ಗಾಳ ಹಿಡಿದು ಕೂರುವವರಿಗೆ ಕೊರತೆಯಿಲ್ಲ. ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್ನಿನ ನೆಲೆಯೂ ಇಲ್ಲಿಯೇ.

ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ ತಳದಲ್ಲಿ ಮೇಯುತ್ತವೆಂಬುದು ಹಳಬರ ಲೆಕ್ಕ. ಕೆರೆಗೆ ಸೇರುವ ಕೊಳಚೆ ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಕೊಳಚೆ ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕ ಖರ್ಚಾಗುತ್ತದೆ. ಹಬ್ಬಿದ ಅಂತರಗಂಗೆ ಬೆಳಕನ್ನೂ ಗಾಳಿಯನ್ನೂ ತಡೆಯುತ್ತದೆ. ರಾತ್ರಿಯಿಡೀ ಪಾಚಿಯೂ ಉಸಿರಾಡುವುದರಿಂದ ಬೆಳಗಿನ ಜಾವದಲ್ಲಿ ಆಮ್ಲಜನಕ ತೀರ ಕಡಿಮೆ. ಆಗ ತಳದ ಮೀನು ಸಹ ಮೇಲೆ ಬಂದು ಬಾಯಿ ತೆರೆಯುತ್ತದೆ. ಅದನ್ನು ಹಸಿವೆಂದು ಬಗೆದವರು ಬರಿಗೈಯಲ್ಲಿ ಮರಳುತ್ತಾರೆ. ಉಸಿರಿಗೆ ಒದ್ದಾಡುವ ಮೀನು ಎರೆಯನ್ನು ಮುಟ್ಟುವುದು ಅಪರೂಪ. ಬಿಸಿಲೇರಿದ ಮೇಲೆ, ಇಲ್ಲವೆ ಮಳೆಗಾಲದಲ್ಲಿ ಹೊಸನೀರು ಇಳಿಯುವ ಕಡೆ ಗಾಳ ಹಾಕುವುದು ಜಾಣತನ. (ಮೊಸಳೆಗಳಿರುವ ಕೆರೆಯಿದು; ನೀರಿಗಿಳಿಯುವ ಉತ್ಸಾಹ ಬೇಡ.)

ಹಿಡಿದುದನ್ನು ತಿನ್ನಬಹುದೆ? ಚೆನ್ನಾಗಿ ಬೇಯಿಸಿದರೆ ರೋಗಾಣುಗಳು ಸಾಯುತ್ತವೆ, ನಿಜ. ಆದರೆ ಕೊಳಚೆ ನೀರಿನ ಮೀನಿನ ಮೈಯಲ್ಲಿ ಸೇರಿರಬಹುದಾದ ಸೀಸ, ಪಾದರಸಗಳು ಎಷ್ಟು ಕುದಿಸಿದರೂ ಹೋಗವು. ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಅವುಗಳಿಂದ ಹೆಚ್ಚಿನ ಹಾನಿ. ಗಾಳದಿಂದ ಬಿಡಿಸಿದ ಮೀನನ್ನು ಒದ್ದೆ ಕೈಯಿಂದ ಹಿಡಿದು ತಡಮಾಡದೆ ನೀರಿಗೆ ಬಿಟ್ಟರೆ ಅದು ಬದುಕುತ್ತದೆ. ಮನೆಯ ಸಾರಿಗೆ ಪೇಟೆಯ ಬಂಗುಡೆಯೇ ಸಾಕು.