ಭಟ್ಕಳದ ಇಂಗ್ಲಿಷ್ ಕೋಠಿ ಏನಾಯಿತು? ಒಂದು ಕಥೆ, ಕೆಲವು ಕಲ್ಲುಗಳು

ನನ್ನ ಪ್ರಬಂಧದ ವಿಷಯ 17ನೇ ಶತಮಾನದಲ್ಲಿ ಭಟ್ಕಳದಲ್ಲಿದ್ದ ಇಂಗ್ಲಿಷರ ವ್ಯಾಪಾರ ಕೋಠಿ. ಅದು ಹೇಗೆ ಇಲ್ಲವಾಯಿತು ಅನ್ನೋದಕ್ಕೆ ಎರಡು ಥರದ ಉತ್ತರ ಅದಾವ. ಯಾವುದನ್ನು ಎಷ್ಟು ನಂಬಬೇಕು ಅನ್ನೋದೇ ನನ್ನ ಪ್ರಶ್ನೆ.

ಸೊಲ್ಲಾಪುರ, ಅಕ್ಕಲಕೋಟ ಕಡೆಯವರಾದ ನಮಗೆ ಇಂಥ ಪ್ರಶ್ನೆ ಹೊಸದಲ್ಲ. ಹದಿನಾರು ಹಳ್ಳಿ ಕೂಡಿ ಸೊಲ್ಲಾಪುರ ಆಯಿತು, ಮರಾಠಿಯ ‘ಸೋಳಾ’ದಿಂದ ಈ ಹೆಸರು ಬಂತು ಅಂತ ನಾವೆಲ್ಲ ಕೇಳೀವಿ. ಆದರೆ ಕಲಚುರಿ ಕಾಲದ ಶಾಸನಗಳಲ್ಲಿ ಊರಿನ ಹೆಸರು ಸೊನ್ನಲಿಗೆ. ಕಥೆ ಒಂದು ಹೇಳಿದರೆ ಕಲ್ಲು ಇನ್ನೊಂದು ಹೇಳ್ತದ. ಭಟ್ಕಳದಲ್ಲೂ ಹೀಗೇ ಆಗಿದೆ.

ಮೊದಲು ಕಥೆ ನೋಡೋಣ. ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ಸ್ಕಾಟ್ಲೆಂಡಿನ ನಾವಿಕ 1727ರಲ್ಲಿ ಪ್ರಕಟಿಸಿದ ಪ್ರವಾಸ ಗ್ರಂಥದಲ್ಲಿ ಇದು ಬರುತ್ತದೆ. 1670ರಲ್ಲಿ ಹಡಗಿನ ಕಪ್ತಾನನೊಬ್ಬ ಭಟ್ಕಳದ ಕೋಠಿಗೆ ಒಂದು ಬುಲ್‌ಡಾಗ್ ನಾಯಿ ಕೊಟ್ಟನಂತೆ. ಆ ನಾಯಿ ದೇವರ ಆಕಳನ್ನು ಕೊಂದಿತಂತೆ. ಸಿಟ್ಟಿಗೆದ್ದ ಜನ ಕೋಠಿಯ ಹದಿನೆಂಟೂ ಮಂದಿಯನ್ನು ಕೊಂದರು, ಅವರೆಲ್ಲರನ್ನೂ ಒಂದೇ ಗೋರಿಯಲ್ಲಿ ಹೂಳಲಾಯಿತು ಅನ್ನುತ್ತಾನೆ ಹ್ಯಾಮಿಲ್ಟನ್. ಆದರೆ ನೋಡ್ರಿ, ಆತ ಪೂರ್ವ ದೇಶಗಳಿಗೆ ಬಂದದ್ದೇ 1688ರಲ್ಲಿ. ಪುಸ್ತಕ ಬಂದಾಗ ಘಟನೆಗೆ 57 ವರ್ಷ. ಅಂದರೆ ಇದು ಕಂಡ ಮಾತಲ್ಲ, ಕೇಳಿದ ಮಾತು.

ಇನ್ನು ದಾಖಲೆಗಳು. ಇಂಗ್ಲೆಂಡಿನ ದೊರೆ ಮೊದಲನೇ ಚಾರ್ಲ್ಸ್ 1635ರಲ್ಲಿ ವಿಲಿಯಂ ಕೋರ್ಟೀನ್ ಎಂಬ ಸಾಹುಕಾರನ ಕೂಟಕ್ಕೆ ಪೂರ್ವದ ವ್ಯಾಪಾರಕ್ಕೆ ಪರವಾನಗಿ ಕೊಟ್ಟ. ಈ ಕೂಟ ಈಸ್ಟ್ ಇಂಡಿಯಾ ಕಂಪನಿಗೆ ಎದುರಾಳಿ. ಅದರ ಹಡಗುಗಳು ಜಾನ್ ವೆಡೆಲ್‌ನ ಮುಂದಾಳುತನದಲ್ಲಿ 1637ರಲ್ಲಿ ಭಟ್ಕಳಕ್ಕೆ ಬಂದವು. ಅವರಿಗೆ ಬೇಕಾದದ್ದು ಕರಿಮೆಣಸು. ಆ ನಾಡು ಕೆಳದಿಯ ವೀರಭದ್ರ ನಾಯಕನ ಕೈಯಲ್ಲಿತ್ತು. ಅವನ ಒಪ್ಪಿಗೆ ಕೇಳಲು ಇಕ್ಕೇರಿಗೆ ಹೋದವರಲ್ಲಿ ಪೀಟರ್ ಮಂಡಿಯೂ ಇದ್ದ. ಅವನು ಬರೆದಿಟ್ಟದ್ದು ಇವತ್ತಿಗೂ ಓದಲಿಕ್ಕೆ ಸಿಗ್ತದ.

ಕೆನರಾ ಜಿಲ್ಲೆಯ ಗೆಜೆಟಿಯರ್ ಭಟ್ಕಳದ ಇಂಗ್ಲಿಷ್ ಗೋರಿಗಳನ್ನು ದಾಖಲಿಸಿದೆ. ಅವುಗಳ ಮೇಲಿನ ವರ್ಷ 1637 ಮತ್ತು 1638. ಸತ್ತವರಲ್ಲಿ ವ್ಯಾಪಾರಿಗಳಿದ್ದಾರೆ, ಒಬ್ಬ ಶಸ್ತ್ರವೈದ್ಯನೂ ಇದ್ದಾನೆ. ಇವು ಹದಿನೆಂಟು ಮಂದಿಯ ಒಂದೇ ಗೋರಿ ಅಲ್ಲ. ಬೇರೆ ಬೇರೆ ದಿನ ಸತ್ತವರ ಬೇರೆ ಬೇರೆ ಗೋರಿಗಳು. ಕೋಠಿ ಶುರುವಾದ ಎರಡು ವರ್ಷದೊಳಗೆ ಮದ್ದು ಕೊಡುವವನೇ ಮಣ್ಣಾಗಿದ್ದ.

ಉಳಿದದ್ದು ಹಣದ ಮಾತು. ಹಿರಿಯ ಕೋರ್ಟೀನ್ 1636ರಲ್ಲೇ ತೀರಿಕೊಂಡಿದ್ದ. ವೆಡೆಲ್ ಊರಿಗೆ ಮರಳುವಾಗ ಹಡಗಿನ ಸಮೇತ ಸಮುದ್ರದಲ್ಲಿ ಕಾಣೆಯಾದ. ಕೂಟ 1638ರಲ್ಲಿ ಕಾರವಾರದಲ್ಲೂ ಕೋಠಿ ತೆರೆದಿತ್ತು. ಮಗ ಕೋರ್ಟೀನ್ ಸಾಲದಲ್ಲಿ ಮುಳುಗಿದ. ಹೀಗಾಗಿ ಆ ಮೊದಲ ಕೋಠಿ ಒಂದೇ ದಿನದಲ್ಲಿ ಅಳಿಯಲಿಲ್ಲ. ಸಾವು, ಸಾಲ, ಹಡಗಿನ ನಷ್ಟ ಕೂಡಿ ಅದು ಸೊರಗಿತು ಅನ್ನೋದು ನನ್ನ ವಾದ. ಹ್ಯಾಮಿಲ್ಟನ್ ಹೇಳುವುದು ನಂತರದ ಕಾಲದ ಮಾತು. ಅದನ್ನು ಪೂರ್ತಿ ಸುಳ್ಳು ಅನ್ನಲಿಕ್ಕೆ ಆಗೋದಿಲ್ಲ. ಆದರೆ ಅದೊಂದನ್ನೇ ಹಿಡಿದು ಭಟ್ಕಳದ ಇಂಗ್ಲಿಷರ ಕಥೆಯನ್ನೆಲ್ಲ ಹೇಳಲೂ ಬಾರದು.

ಅಮೆರಿಕದ ರೋನೋಕ್ ದ್ವೀಪದಲ್ಲೂ ಇಂಥದೇ ನಡೆದಿದೆ. 1587ರಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಇಂಗ್ಲಿಷರು ನೆಲೆಸಿದ್ದರು. ಅವರ ಮುಖ್ಯಸ್ಥ ಜಾನ್ ವೈಟ್ ಸಾಮಾನು ತರಲು ಇಂಗ್ಲೆಂಡಿಗೆ ಹೋದ. ಸ್ಪೇನಿನ ಯುದ್ಧದಿಂದ ತಡವಾಗಿ 1590ರಲ್ಲಿ ಬಂದಾಗ ಒಬ್ಬರೂ ಇರಲಿಲ್ಲ. ಕಂಬದ ಮೇಲೆ ‘ಕ್ರೊಯಟೋವನ್’ ಅಂತ ಕೆತ್ತಿತ್ತು. ಅದು ಹತ್ತಿರದ ದ್ವೀಪವೊಂದರ, ಅಲ್ಲಿನ ಜನರ ಹೆಸರು. ಅಂದರೆ ಹೋದ ದಿಕ್ಕನ್ನು ಅವರೇ ಬರೆದಿಟ್ಟಿದ್ದರು. ಆದರೂ ಮೂಲನಿವಾಸಿಗಳೇ ಅವರನ್ನು ಕೊಂದರು ಎಂಬ ಕಥೆ ಬಹುಕಾಲ ಓಡಿತು. ಮರದ ಬಳೆಗಳ ಅಧ್ಯಯನವೊಂದು ಆ ವರ್ಷಗಳಲ್ಲಿ ಭೀಕರ ಬರ ಇತ್ತೆಂದು 1998ರಲ್ಲಿ ತೋರಿಸಿತು.

ಎರಡೂ ಕಡೆ ಬಂದವರು ಇಲ್ಲವಾದಾಗ ಅಪವಾದ ಬಿದ್ದದ್ದು ಆ ನೆಲದ ಜನರ ಮೇಲೆ. ಭಟ್ಕಳದವರಿಗೆ ಉತ್ತರ ಹೇಳುವ ಅವಕಾಶ ಆ ಪುಸ್ತಕದಲ್ಲಿ ಇಲ್ಲ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಕಥೆಯನ್ನು ಬಿಡಬೇಕಿಲ್ಲ. ಯಾರು ಹೇಳಿದರು, ಎಷ್ಟು ವರ್ಷದ ಮೇಲೆ ಹೇಳಿದರು, ತಪ್ಪು ಯಾರ ತಲೆಗೆ ಕಟ್ಟಿದರು ಅಂತ ಕೇಳಿ ಓದಿದರೆ ಸಾಕು.